ಹಂಚಿಕೊಂಡ ಲೋಕಕ್ಕೊಂದು ಪ್ರಾಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತಾರು ಜನ ಸೇರಿ ಕಟ್ಟುವ ಫ್ಯಾಂಟಸಿ ಲೋಕಕ್ಕೆ ಹೊಸದಾಗಿ ಬಂದವರು ಮೊದಲು ಕೈ ಹಾಕುವುದು ಪ್ರಾಣಿಗೆ. ರಾಜವಂಶ ಬರೆಯಬೇಕಾದರೆ ಹಳೆಯ ಯುದ್ಧಗಳನ್ನೆಲ್ಲ ಓದಿಕೊಳ್ಳಬೇಕು, ಊರು ಬರೆಯಬೇಕಾದರೆ ನಕ್ಷೆ ಬಿಚ್ಚಬೇಕು. ಪ್ರಾಣಿಯಾದರೆ ಒಂದು ಸಂಜೆಯ ಕೆಲಸ ಅನ್ನಿಸುತ್ತದೆ. ಹಾಗೆ ಬಂದ ಪ್ರಾಣಿಗಳನ್ನು ಓದಿ, ತಿದ್ದಿ, ಆಟದ ಮೇಜಿಗೆ ತರುವ ಕೆಲಸ ನಮ್ಮ ಗುಂಪಿನಲ್ಲಿ ನನ್ನದು. ಕೇಳುವವರು ಬದಲಾದರೂ ಪ್ರಶ್ನೆಗಳು ಬದಲಾಗುವುದಿಲ್ಲ. ಉತ್ತರಗಳಲ್ಲಿ ನನ್ನ ಅಭಿರುಚಿಯೂ ಬೆರೆತಿದೆ. ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬರಬಹುದು.

ನಾನು ಆರ್‌ಪಿಜಿ (ಪಾತ್ರ ವಹಿಸಿ ಆಡುವ ಆಟ) ಆಡಿಯೇ ಇಲ್ಲ. ಪ್ರಾಣಿ ಬರೆಯಬಹುದೇ?

ಬರೆಯಬಹುದು. ಆದರೆ ಬರೆಯುವ ಮುಂಚೆ ಒಂದು ಸಂಜೆ ಆಟದ ಪಕ್ಕ ಕೂತು ನೋಡಿ. ನಾಲ್ಕೈದು ಜನ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಗೇಮ್ ಮಾಸ್ಟರ್ ಅವರ ಸುತ್ತಲಿನ ಲೋಕವನ್ನೆಲ್ಲ ಆಡಿಸುತ್ತಾರೆ, ಅನುಮಾನ ಬಂದಲ್ಲಿ ಡೈಸ್ ತೀರ್ಪು ಕೊಡುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದಾಗಿನಿಂದ ಇದರ ಚೌಕಟ್ಟು ಹೆಚ್ಚು ಬದಲಾಗಿಲ್ಲ. ನೀವು ಬರೆದ ಪುಟವನ್ನು ಯಾರು, ಯಾವಾಗ ಓದುತ್ತಾರೆ ಎನ್ನುವುದು ಪಕ್ಕದಲ್ಲಿ ಕೂತಾಗ ಗೊತ್ತಾಗುತ್ತದೆ: ಐದು ಜನ ಚಿಪ್ಸ್ ತಿನ್ನುತ್ತಾ "ಆಮೇಲೆ?" ಎಂದು ಕಾಯುತ್ತಿರುವಾಗ, ಗೇಮ್ ಮಾಸ್ಟರ್ ಅರ್ಧ ನಿಮಿಷದಲ್ಲಿ ಕಣ್ಣಾಡಿಸುತ್ತಾರೆ. ಅಷ್ಟರಲ್ಲಿ ಅವರಿಗೆ ಏನು ಸಿಕ್ಕಿತೋ ಅದೇ ನಿಮ್ಮ ಪ್ರಾಣಿ.

ಎಲ್ಲಿಂದ ಶುರು ಮಾಡಲಿ? ರೂಪದಿಂದಲೋ, ಶಕ್ತಿಯಿಂದಲೋ?

ಹೊಟ್ಟೆಯಿಂದ. ಏನು ತಿನ್ನುತ್ತದೆ, ಅದು ಎಲ್ಲಿ ಸಿಗುತ್ತದೆ, ಸಿಗದ ತಿಂಗಳಲ್ಲಿ ಏನು ಗತಿ. ಈ ಮೂರಕ್ಕೆ ಉತ್ತರ ಸಿಕ್ಕಿದರೆ ಕಾಲು, ಹಲ್ಲು, ಬಣ್ಣ, ಸ್ವಭಾವ ಎಲ್ಲ ಹಿಂದೆಯೇ ಬರುತ್ತವೆ. ನನಗೆ ಬರುವ ಕರಡುಗಳಲ್ಲಿ ಹೆಚ್ಚಿನವು ಕೆಂಪುಕಣ್ಣಿನಿಂದ ಶುರುವಾಗಿ ವಿಷದ ಬಾಲದಲ್ಲಿ ಮುಗಿಯುತ್ತವೆ. ನಡುವೆ ಹೊಟ್ಟೆಯೇ ಇರುವುದಿಲ್ಲ.

ಹಾಗೆಂದು ರೂಪದಿಂದ ಶುರು ಮಾಡಿ ಗೆದ್ದವರಿಲ್ಲವೆಂದಲ್ಲ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಮೂರು ಪ್ರಸಿದ್ಧ ಪ್ರಾಣಿಗಳಾದ ಔಲ್‌ಬೇರ್, ರಸ್ಟ್ ಮಾನ್‌ಸ್ಟರ್, ಬುಲೆಟ್ (bulette) ಹುಟ್ಟಿದ್ದು ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳಿಂದ. ಚೀಲದಲ್ಲಿ ಸಿಕ್ಕ ವಿಚಿತ್ರ ಗೊಂಬೆಗಳನ್ನು ಗೈಗ್ಯಾಕ್ಸ್ ಮೇಜಿನ ಮೇಲೆ ಇಟ್ಟು ಆಡಿಸಿದರು, ಆಮೇಲೆ ಅವಕ್ಕೆ ಹೆಸರು, ಗುಣ ಸೇರಿದವು. ಬುಲೆಟ್‌ಗೆ ಗುಣ ಕೊಟ್ಟವರು ಟಿಮ್ ಕ್ಯಾಸ್ಕ್; 1976ರಲ್ಲಿ ಅವರೇ ಸಂಪಾದಿಸಿದ ದಿ ಡ್ರಾಗನ್ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ಅದು ಅಚ್ಚಾಯಿತು.

ಮೂರರಲ್ಲಿ ನನಗೆ ಹೆಚ್ಚು ಇಷ್ಟ ರಸ್ಟ್ ಮಾನ್‌ಸ್ಟರ್. ಬಾಲದ ತುದಿಯಲ್ಲಿ ಪ್ರೊಪೆಲರ್‌ನಂಥದ್ದೇನೋ ಇರುವ, ನೋಡಿದರೆ ನಗು ಬರುವ ಜಂತು. ಅದು ಮೀಸೆ ತಾಗಿಸಿದ ಲೋಹ ತುಕ್ಕಾಗಿ ಉದುರುತ್ತದೆ, ಆ ತುಕ್ಕೇ ಅದರ ಊಟ. ಅದಕ್ಕೆ ಯಾರ ಮೇಲೂ ದ್ವೇಷವಿಲ್ಲ. ಆದರೆ ಡ್ರಾಗನ್‌ಗೆ ಎದೆಕೊಟ್ಟು ನಿಂತ ವೀರ ಇದನ್ನು ಕಂಡರೆ ಕತ್ತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು ಓಡುತ್ತಾನೆ. ಗೊಂಬೆಗೆ ಹೊಟ್ಟೆ ಬಂದ ಮೇಲೆ ಅದು ಪ್ರಾಣಿಯಾಯಿತು.

ಎರಡು ಪ್ರಾಣಿ ಸೇರಿಸಿದರೆ ಹೊಸ ಪ್ರಾಣಿ ಆಗುವುದಿಲ್ಲವೇ?

ಆಗುತ್ತದೆ, ಅದೂ ನಮ್ಮವರಿಗೆ ಹೊಸ ವಿದ್ಯೆಯೇನಲ್ಲ. ಬೇಲೂರು, ಹಳೇಬೀಡಿನ ಗೋಡೆಯ ಮಕರ ನೋಡಿ: ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಿಂದೆ ಬಳ್ಳಿಯಂತೆ ಸುರುಳಿಬಿಚ್ಚಿದ ಬಾಲ. ಹಂಪಿಯ ವಿಠ್ಠಲ ದೇವಾಲಯದ ಕಂಬಗಳಲ್ಲಿ ಸಿಂಹದ ಮೈಯ ಕೂಡಿಕೆಪ್ರಾಣಿಗಳಾದ ವ್ಯಾಳಗಳು ಹಿಂಗಾಲ ಮೇಲೆ ನೆಗೆದು ನಿಂತಿವೆ, ಬೆನ್ನ ಮೇಲೆ ಸವಾರರಿದ್ದಾರೆ. ಬಳ್ಳಿಗಾವಿಯಲ್ಲಿ 1047ರಷ್ಟು ಹಿಂದೆಯೇ ಗಂಡಭೇರುಂಡಕ್ಕೆ ಕಂಬ ನಿಲ್ಲಿಸಿದ್ದಾರೆ.

ಆದರೆ ಆ ಶಿಲ್ಪಿಗಳು ಬರೀ ಅಂಗಾಂಗ ಕೂಡಿಸಿ ಬಿಟ್ಟವರಲ್ಲ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಗಂಡಭೇರುಂಡ ಕೊಕ್ಕಿನಲ್ಲಿ, ಉಗುರಿನಲ್ಲಿ ಆನೆಗಳನ್ನು ಹಿಡಿದುಕೊಂಡಿದೆ. ಕಿರುಬೆರಳ ಉಗುರಿನಷ್ಟು ಜಾಗದಲ್ಲಿ ಹಕ್ಕಿ ಎಷ್ಟು ದೊಡ್ಡದು, ಏನು ಬೇಟೆಯಾಡುತ್ತದೆ, ಅದರ ಎದುರು ನಾವೆಷ್ಟು ಎಂಬುದೆಲ್ಲ ಬಂದುಬಿಟ್ಟಿದೆ. "ರೆಕ್ಕೆಯ ಹರವು 40 ಅಡಿ" ಎಂದು ಬರೆಯುವ ಮುಂಚೆ ಆ ನಾಣ್ಯವನ್ನೊಮ್ಮೆ ನೆನೆಸಿಕೊಳ್ಳಿ. ಪ್ರಾಣಿಯ ಬಾಯಲ್ಲಿ ಏನಿದೆ ಎಂದು ತೋರಿಸಿದರೆ ಅಳತೆ ತಾನಾಗಿ ಗೊತ್ತಾಗುತ್ತದೆ.

ಕೂಡಿಕೆಯ ಪ್ರಾಣಿ ಸೊರಗುವುದು ಎರಡೂ ಕಡೆಯ ಒಳ್ಳೆಯದನ್ನಷ್ಟೇ ಎತ್ತಿಕೊಂಡಾಗ. ಹದ್ದಿನ ಕಣ್ಣು, ಹುಲಿಯ ಪಂಜ, ಕುದುರೆಯ ಓಟ! ಸರಿ, ಹದ್ದಿನ ಮೈಗೆ ಹುಲಿಯ ಹಸಿವು ಅಂಟಿಕೊಂಡರೆ ಅದು ದಿನವಿಡೀ ಎಷ್ಟು ಬೇಟೆಯಾಡಬೇಕು? ಕಷ್ಟವನ್ನೂ ಕೂಡಿಸಿ.

ಒಂದು ಪ್ರಾಣಿಯನ್ನು ಮೊದಲಿಂದ ಕೊನೆಯವರೆಗೆ ತೋರಿಸಿ.

ನಮ್ಮ ಲೋಕದ ಉಪ್ಪುನೆಕ್ಕವನ್ನೇ ತೋರಿಸುತ್ತೇನೆ. ಮೂಲ ಒಂದು ನಿಜ ಸಂಗತಿ: ಉತ್ತರ ಅಮೆರಿಕದ ಮುಳ್ಳುಹಂದಿ ಉಪ್ಪಿನ ಆಸೆಗೆ ಬೆವರು ಹೀರಿಕೊಂಡ ಕೊಡಲಿಕಾವು, ದೋಣಿಯ ಹುಟ್ಟು ಎಲ್ಲವನ್ನೂ ಕಡಿದು ಹಾಕುತ್ತದೆ. ಸೊಪ್ಪು ತಿನ್ನುವ ಪ್ರಾಣಿಗಳಿಗೆ ಸೋಡಿಯಂ ಸಾಕಾಗುವುದಿಲ್ಲ. ಜೋರು ಮಳೆ ಬೀಳುವ ಕಡೆ ಮಣ್ಣಿನ ಉಪ್ಪೂ ತೊಳೆದುಹೋಗುತ್ತದೆ. ಅಷ್ಟನ್ನಿಟ್ಟುಕೊಂಡು ಬರೆದ ಪುಟ ಹೀಗಿದೆ:

"ಉಪ್ಪುನೆಕ್ಕ ಮಳೆಬೆಟ್ಟಗಳ ಮೇಯುವ ಪ್ರಾಣಿ. ಕಡವೆಯ ಕರುವಿನಷ್ಟು ಎತ್ತರ, ಕುತ್ತಿಗೆ ಮಾತ್ರ ಮೈಗೆ ಮೀರಿದ ಉದ್ದ. ಬಣ್ಣ ಹೊಗೆಯದು, ನೆನೆದರೆ ಕಪ್ಪು. ಗೊರಸು ಮೆತ್ತಗಿದ್ದು ಮರದ ಜಗಲಿಯ ಮೇಲೆ ನಡೆದರೂ ಸದ್ದಿಲ್ಲ. ನಾಲಿಗೆ ಮೊಳದುದ್ದ, ಅರದಷ್ಟು ಒರಟು. ಹಗಲು ಕಾಣಿಸದು. ಇರುಳು ಮೂರೋ ನಾಲ್ಕೋ ಒಟ್ಟಾಗಿ ಬಂದು ಬೆವರು ಹಿಡಿದದ್ದನ್ನೆಲ್ಲ ನೆಕ್ಕುತ್ತವೆ: ಜೀನಿನ ಪಟ್ಟಿ, ಬಿಲ್ಲಿನ ಹಿಡಿ, ಚಪ್ಪಲಿಯ ಉಂಗುಷ್ಟ, ಮಲಗಿದವನ ಕಾಲು. ಬೆಳಗಾಗುವಷ್ಟರಲ್ಲಿ ತೊಗಲು ನೂಲಿನಷ್ಟು ತೆಳುವಾಗಿರುತ್ತದೆ. ಬೆಟ್ಟದವರು ಊರ ಗಡಿಯಲ್ಲಿ ಉಪ್ಪಿನ ಗಂಟು ಕಟ್ಟಿ ಇವನ್ನು ಅಲ್ಲೇ ತಡೆಯುತ್ತಾರೆ. ಗಂಟು ಕಟ್ಟುವ ಸರದಿ ತಪ್ಪಿಸಿದ ಮನೆಗೆ ದಂಡವುಂಟು. ಸತ್ತ ಉಪ್ಪುನೆಕ್ಕವನ್ನು ಯಾರೂ ಕಂಡಿಲ್ಲ."

ಇಷ್ಟೇ. ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆಯುತ್ತದೆ) 18, ಆರ್ಮರ್ ಕ್ಲಾಸ್ (ಪೆಟ್ಟು ತಾಗಿಸುವುದು ಎಷ್ಟು ಕಷ್ಟ) 12, ಎದುರು ಬಿದ್ದರೆ ಓಡುತ್ತದೆ.

ಇದು ಮೊದಲ ಬಾರಿ ಮೇಜಿಗೆ ಬಂದಾಗ ನಾನು ಪ್ರಾಣಿಯನ್ನು ತೋರಿಸಲೇ ಇಲ್ಲ. ರಾತ್ರಿ ಕಳೆಯಿತು ಎಂದೆ. ಬೆಳಿಗ್ಗೆ ಹೊರಟ ಸವಾರಳು ಕುದುರೆ ಏರಲು ಹೋಗಿ ಜೀನಿನ ಸಮೇತ ಕೆಸರಿಗೆ ಬಿದ್ದಳು. ಬಿಲ್ಲುಗಾರನ ಬತ್ತಳಿಕೆಯ ಪಟ್ಟಿ ಕಿತ್ತುಬಂತು. ಆಟಗಾರರು ಕಳ್ಳರೆಂದರು, ಶಾಪವೆಂದರು, ತಮ್ಮೊಳಗೇ ಒಬ್ಬನ ಮೇಲೆ ಅನುಮಾನಪಟ್ಟರು. ಮರುದಿನ ರಾತ್ರಿ ಕಾವಲು ಕೂತವನ ಕಾಲಿಗೆ ಒದ್ದೆಯಾದ, ಗರಗಸದಂಥದ್ದು ತಾಗಿತು. ಕೋಣೆಯಲ್ಲಿ ಒಬ್ಬರು ನಿಜಕ್ಕೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡರು.

ಆಮೇಲೆ ಇದು ನನ್ನ ಕೈ ತಪ್ಪಿತು. ಒಬ್ಬರು ಉಪ್ಪಿನ ಗಾಡಿಗಳ ಹಿಂದೆ ಬೀಳುವ ಹಿಂಡು ಬರೆದರು. ಇನ್ನೊಬ್ಬರ ಕಥೆಯಲ್ಲಿ ಡಕಾಯಿತರು ಕೋಟೆಬಾಗಿಲ ತೊಗಲಿನ ಮಿಣಿಗೆ ತಿಂಗಳುಗಟ್ಟಲೆ ಉಪ್ಪುನೀರು ಸವರಿ, ಬಾಗಿಲನ್ನು ಉಪ್ಪುನೆಕ್ಕಗಳಿಂದಲೇ ಬಿಚ್ಚಿಸಿದರು. ಹಂಚಿಕೊಂಡ ಲೋಕದಲ್ಲಿ ಪ್ರಾಣಿ ಗೆದ್ದಿತೋ ಇಲ್ಲವೋ ಎಂದು ನೋಡಲು ನನಗೆ ಗೊತ್ತಿರುವುದು ಈ ಒಂದೇ ದಾರಿ: ಹುಟ್ಟಿಸಿದವರು ಊಹಿಸದ ಕೆಲಸಕ್ಕೆ ಬೇರೆಯವರು ಅದನ್ನು ಹಚ್ಚಬೇಕು.

ಕೊನೆಯ ಸಾಲು, ಸತ್ತದ್ದನ್ನು ಯಾರೂ ಕಂಡಿಲ್ಲ ಎನ್ನುವುದು, ಯಾಕೆ? ಕಾರಣ ಏನು?

ಕಾರಣ ಇಲ್ಲ, ಬೇಕೆಂದೇ ಬಿಟ್ಟದ್ದು. ಪ್ರತಿ ಪುಟದಲ್ಲಿ ಒಂದು ಬಾಗಿಲು ತೆರೆದಿಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಒಂದೇ ಸಾಕು. ಹತ್ತು ತೆರೆದಿಟ್ಟರೆ ಪುಟವೇ ಉಳಿಯುವುದಿಲ್ಲ. ಬಾಗಿಲು ಬಿಟ್ಟವರು ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಕಾಯುವುದೂ ಸಲ್ಲದು.

ಮಾಯೆ ಇರುವ ಲೋಕದಲ್ಲಿ ವಿಜ್ಞಾನ ಯಾಕೆ ಬೇಕು?

ವಿಜ್ಞಾನ ಪರೀಕ್ಷೆ ಪಾಸು ಮಾಡಲಿ ಎಂದಲ್ಲ. ಮಾಯೆಗೆ ಎಲ್ಲಿ ಖರ್ಚು ಬೀಳುತ್ತದೆ ಎಂದು ತಿಳಿಯಲಿ ಎಂದು.

ಗೆಲಿಲಿಯೊ 1638ರ ಪುಸ್ತಕದಲ್ಲೇ ಇದನ್ನು ಲೆಕ್ಕ ಹಾಕಿಟ್ಟಿದ್ದಾನೆ. ಪ್ರಾಣಿಯನ್ನು ಎಲ್ಲ ಕಡೆಯಿಂದ ಎರಡು ಪಟ್ಟು ಹಿಗ್ಗಿಸಿದರೆ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ, ಅಂದರೆ ಭಾರ ಹೊರುವ ತಾಕತ್ತು, 4 ಪಟ್ಟಾಗುತ್ತದೆ. ತೂಕ 8 ಪಟ್ಟು. ಹತ್ತು ಪಟ್ಟು ಹಿಗ್ಗಿಸಿದರೆ ತಾಕತ್ತು 100, ತೂಕ 1000. ಆನೆಯ ಕಾಲು ಕಂಬದ ಹಾಗಿರುವುದು, ಅದು ಜಿಂಕೆಯ ಹಾಗೆ ನೆಗೆಯದಿರುವುದು ಇದರಿಂದಲೇ. ಮನೆಯಷ್ಟು ದೊಡ್ಡ ಜೇಡವನ್ನು ತೆಳ್ಳನೆಯ ಕಾಲಿನ ಮೇಲೆ ನಿಲ್ಲಿಸುವವರು ಈ ಸಾಲ ತೀರಿಸಬೇಕು. ಜೇಡ ಕಲ್ಲುಗವಿಯ ಗೋಡೆಗಳಿಗೆ ಒರಗಿಕೊಂಡೇ ಬದುಕುತ್ತದೆ, ಬಯಲಿಗೆ ಬಂದರೆ ಕುಸಿಯುತ್ತದೆ ಎನ್ನಿ. ಸಾಲವೂ ತೀರಿತು, ಆಟಗಾರರಿಗೆ ಒಂದು ಉಪಾಯವೂ ಸಿಕ್ಕಿತು.

ಹಾರುವವಕ್ಕೆ ಇನ್ನೂ ಬಿಗಿ. ಬಳ್ಳಾರಿ ಸೀಮೆಯ ಹುಲ್ಲುಗಾವಲಿನಲ್ಲಿ ಅಳಿದುಳಿದಿರುವ ಎರೆಭೂತ 15 ಕಿಲೋವರೆಗೆ ತೂಗುತ್ತದೆ, ಇಂದು ಹಾರುವ ಹಕ್ಕಿಗಳಲ್ಲಿ ಬಲು ಭಾರದವುಗಳ ಸಾಲಿನದು. ಸುಮಾರು 6.6 ಕೋಟಿ ವರ್ಷದ ಹಿಂದೆ ಅಳಿದ, ಕ್ವೆಟ್ಜಾಲ್ಕೋಟ್ಲಸ್ ಎಂಬ ಹಾರುವ ಸರೀಸೃಪಕ್ಕೆ ರೆಕ್ಕೆಯ ಹರವು 10 ಮೀಟರ್‌ನಷ್ಟಿತ್ತು, ತೂಕ 200-250 ಕಿಲೋ ಇದ್ದಿರಬಹುದೆಂದು ಅಂದಾಜು. ನಿಮ್ಮ ಎರಡು ಟನ್ನಿನ ಡ್ರಾಗನ್ ಇವೆರಡನ್ನೂ ಮೀರಿದೆ, ಹಾಗಾಗಿ ಅದನ್ನು ಎತ್ತುವುದು ಮಾಯೆಯೇ. ಒಪ್ಪಿದೆ. ಹಾಗಾದರೆ ಮಾಯೆ ಸೊರಗಿದ ಜಾಗದಲ್ಲಿ ಅದು ನೆಲಕ್ಕೆ ಬೀಳುತ್ತದೆಯೇ? ಈ ಒಂದು ಪ್ರಶ್ನೆಯಿಂದ ಹಲವು ಸಂಜೆ ಮುಂದುವರಿಯುವ ಒಂದು ಇಡೀ ಕ್ಯಾಂಪೇನ್ ನಡೆಸಬಹುದು.

ಸಣ್ಣದಾಗಿ ಹಾರಬೇಕೆಂದರೆ ಹಾರುವ ಓತಿ ಇದೆ. ಕನ್ನಡ ಓದುಗರಿಗೆ ಅದನ್ನು ನಾನು ಪರಿಚಯಿಸಬೇಕಾಗಿಲ್ಲ.

ಬೆಂಕಿ ಉಗುಳುವುದಂತೂ ಸುಳ್ಳೇ ತಾನೆ?

ಬೆಂಕಿ ಸುಳ್ಳು, ಕುದಿ ನಿಜ. ಬೊಂಬಾರ್ಡಿಯರ್ ಜೀರುಂಡೆ ಹೊಟ್ಟೆಯಲ್ಲಿ ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಎಂಬ ಎರಡು ರಾಸಾಯನಿಕಗಳನ್ನು ಕೂಡಿಟ್ಟಿರುತ್ತದೆ. ಬೆದರಿದಾಗ ಅವನ್ನು ಬೇರೊಂದು ಗಟ್ಟಿಗೋಡೆಯ ಕೋಣೆಗೆ ಬಿಡುತ್ತದೆ. ಅಲ್ಲಿನ ಕಿಣ್ವ ತಾಗಿದ್ದೇ ತಡ, 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ದ್ರವ ಪಟಪಟನೆ ಸಿಡಿಯುತ್ತದೆ. ಗುರಿಯಿಡಲು ಹೊಟ್ಟೆಯ ತುದಿಯನ್ನು ಬೇಕಾದತ್ತ ತಿರುಗಿಸಲೂ ಬಲ್ಲದು.

ಇದರಿಂದ ಎತ್ತಿಕೊಳ್ಳಬೇಕಾದದ್ದು ದಾಸ್ತಾನಿನ ಲೆಕ್ಕ. ಉಗುಳುತ್ತಲೇ ಇದ್ದರೆ ಖಾಲಿಯಾಗುತ್ತದೆ, ಮತ್ತೆ ತುಂಬಲು ಹೊತ್ತು ಬೇಕು. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಈಚಿನ ಆವೃತ್ತಿಗಳಲ್ಲಿ ಡ್ರಾಗನ್ ಒಮ್ಮೆ ಉಗುಳಿದ ಮೇಲೆ, ಪ್ರತಿ ಸುತ್ತಿನ ಮೊದಲು ಆರು ಮುಖದ ಡೈಸ್‌ನಲ್ಲಿ 5 ಅಥವಾ 6 ಬಿದ್ದರೆ ಮಾತ್ರ ಮತ್ತೆ ಉಗುಳಬಹುದು. ಮೂರರಲ್ಲೊಂದು ಸಾಧ್ಯತೆ. ಆ ಡೈಸ್ ಉರುಳುವಾಗ ಮೇಜಿನ ಸುತ್ತ ಬೀಳುವ ಮೌನಕ್ಕೆ ಯಾವ ವರ್ಣನೆಯೂ ಸಾಟಿಯಲ್ಲ.

ನನ್ನ ಕಾಡಿನಲ್ಲಿ ಎಷ್ಟು ಪ್ರಾಣಿ ಇರಬಹುದು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಬಲಿಗಳನ್ನು ಹೊಡೆಯುತ್ತದೆ; ಆ ಬಲಿಗಳ ಸಂತತಿ ಕುಂದದೆ ಉಳಿಯಬೇಕಾದರೆ ಅದರ ಸುತ್ತ 500ರಷ್ಟು ಜಿಂಕೆ, ಕಡವೆ, ಹಂದಿಗಳಿರಬೇಕು. ನಾಗರಹೊಳೆಯಲ್ಲಿ ದಶಕಗಟ್ಟಲೆ ಹುಲಿಗಳ ಬೆನ್ನುಹತ್ತಿದ ಉಲ್ಲಾಸ ಕಾರಂತರಂಥ ವಿಜ್ಞಾನಿಗಳು ಕೊಡುವ ಲೆಕ್ಕ ಇದು. ಹತ್ತು ಹುಲಿಯಷ್ಟು ತಿನ್ನುವ ಡ್ರಾಗನ್‌ಗೆ 5,000 ಬಲಿಪ್ರಾಣಿ ಬೇಕಾಯಿತು. ಅಷ್ಟು ಜಿಂಕೆ ನಕ್ಷೆಯಲ್ಲಿ ಎಲ್ಲಿವೆ? ಇಲ್ಲದಿದ್ದರೆ ಅದು ದನಕ್ಕೆ ಬರುತ್ತದೆ. ದನಕ್ಕೆ ಬಂದರೆ ಊರವರು ಸುಮ್ಮನಿರುವುದಿಲ್ಲ. ಅಥವಾ ವರ್ಷದಲ್ಲಿ ಹತ್ತು ತಿಂಗಳು ಮಲಗಿರುತ್ತದೆ, ಆಗ ಊರ ಪಂಚಾಂಗದಲ್ಲಿ ಅದು ಏಳುವ ತಿಥಿ ಗುರುತಾಗಿರುತ್ತದೆ.

ಒಂದೇ ಕಣಿವೆಯಲ್ಲಿ ಒಂಬತ್ತು ಬಗೆಯ ಮಾಂಸಾಹಾರಿಗಳನ್ನು ತುಂಬಿದ ಕರಡೊಂದು ಬಂದಿತ್ತು, ಸಸ್ಯಾಹಾರಿ ಒಂದೂ ಇರಲಿಲ್ಲ. ಅವು ಪಾಳಿಯ ಮೇಲೆ ಒಂದನ್ನೊಂದು ತಿನ್ನುತ್ತಿದ್ದವೋ ಏನೋ. ದಯವಿಟ್ಟು ಮೊದಲು ಮೇಯುವವನ್ನು ಬರೆಯಿರಿ. ಯಾರೂ ಬರೆಯುವುದಿಲ್ಲ.

ಸವಾರಿಗೆ, ಸೈನ್ಯಕ್ಕೆ ಒಂದು ಪ್ರಾಣಿ ಬೇಕು. ಏನು ಗಮನಿಸಲಿ?

ಪ್ರಾಣಿಗಿಂತ ಅದರ ಹಿಂದಿನ ಏರ್ಪಾಡನ್ನು ಬರೆಯಿರಿ. ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳನ್ನು ನೋಡಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿ ಎಂಬ ಇಲಾಖೆಯಿತ್ತು, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಹೈದರ್, ಟಿಪ್ಪುವಿನ ಫಿರಂಗಿಗಳು ಅಷ್ಟು ಬೇಗ ಜಾಗ ಬದಲಾಯಿಸುತ್ತಿದ್ದದ್ದು ಈ ಎತ್ತುಗಳ ಬಲದಿಂದ. ಆದರೆ ಎತ್ತಿನ ಹಿಂದೆ ಏನಿತ್ತು? ಬೇರೆಬೇರೆ ಋತುವಿಗೆ ಮೀಸಲಾದ ಕಾವಲುಗಳು, ನೋಡಿಕೊಳ್ಳುವ ಜನ, ಲೆಕ್ಕದ ದಫ್ತರ. ಚಿತ್ರದುರ್ಗ, ಚಿಕ್ಕಮಗಳೂರು, ತುಮಕೂರು ಕಡೆ ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲುಗಳು ಇಂದಿಗೂ ಇವೆ. ನಿಮ್ಮ ರಾಜ್ಯದ ಸೈನ್ಯ ದೈತ್ಯ ಹಲ್ಲಿಯ ಮೇಲೆ ಸವಾರಿ ಮಾಡುವುದಾದರೆ ಆ ಹಲ್ಲಿಯ ಕಾವಲು ಎಲ್ಲಿದೆ, ಅಲ್ಲಿ ಕಳ್ಳಮೇವು ಮೇಯಿಸಿದವನಿಗೆ ಏನು ಶಿಕ್ಷೆ, ಬರಗಾಲದಲ್ಲಿ ಹಲ್ಲಿಗೆ ಮೊದಲೋ ಮಕ್ಕಳಿಗೆ ಮೊದಲೋ? ಯುದ್ಧದ ದೃಶ್ಯಕ್ಕಿಂತ ಇಲ್ಲೇ ಹೆಚ್ಚು ಕಥೆ ಇದೆ.

ಹಿಡಿದು ಪಳಗಿಸುವುದೂ ಸಾಕಿ ತಳಿ ಬೆಳೆಸುವುದೂ ಬೇರೆ ಎನ್ನುವುದನ್ನು ಮರೆಯಬೇಡಿ. ಆನೆ ಗರ್ಭ ಹೊರುವುದೇ ಹೆಚ್ಚುಕಡಿಮೆ 22 ತಿಂಗಳು, ಹುಟ್ಟಿದ ಮರಿ ಭಾರದ ಕೆಲಸಕ್ಕೆ ಬರಲು ಹತ್ತಾರು ವರ್ಷ. ಅಷ್ಟು ದಿನ ಕೂರಿಸಿ ತಿನ್ನಿಸುವುದಕ್ಕಿಂತ ಕಾಡಿನಿಂದ ಹಿಡಿಯುವುದೇ ಅಗ್ಗವಾಗಿದ್ದರಿಂದ ಕಾಕನಕೋಟೆಯಲ್ಲಿ ಖೆಡ್ಡಾ ನಡೆಯುತ್ತಿತ್ತು, ಕೊನೆಯದು 1971ರಲ್ಲಿ. ಮಾವುತ ಮೇಲೆ ಕೂತವನಾದರೆ, ಸೊಪ್ಪು ತರುವ, ಮೈ ತಿಕ್ಕುವ ಕಾವಾಡಿ ಕೆಳಗಿರುತ್ತಾನೆ. ಡ್ರಾಗನ್ ಸವಾರರು ಎಲ್ಲರ ಕಥೆಯಲ್ಲೂ ಇದ್ದಾರೆ. ಡ್ರಾಗನ್ನಿನ ಕಾವಾಡಿಯನ್ನು ಬರೆದು ಕಳಿಸಿ, ಮೊದಲು ಓದುತ್ತೇನೆ.

ಪ್ರಾಣಿಯಿಂದ ಸಾಹಸದ ಕಥೆ ಹುಟ್ಟಿಸುವುದು ಹೇಗೆ?

ಅದು ಮರಿ ಮಾಡುವ ಕ್ರಮ ಬರೆಯಿರಿ. ದಾಂಡೇಲಿ ಕಾಡಿನ ಮಂಗಟ್ಟೆ ಹಕ್ಕಿಯಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯನ್ನು ತಾನೇ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಬಿಟ್ಟು. ಗಂಡು ತಿಂಗಳುಗಟ್ಟಲೆ ಆ ಸೀಳಿನಿಂದಲೇ ಹಣ್ಣು ಉಣಿಸುತ್ತದೆ. ಗಂಡು ಸತ್ತರೆ ಒಳಗಿರುವವರ ಗತಿ ಮುಗಿದಂತೆ. ಇದನ್ನೇ ಮಂಚದಷ್ಟು ದೊಡ್ಡ ಹಕ್ಕಿಗೆ ಹಚ್ಚಿ. ಆಟಗಾರರು ಬೆಳಿಗ್ಗೆ ಹೆದರಿ ಹೊಡೆದುರುಳಿಸಿದ ಹಕ್ಕಿಯ ಕೊಕ್ಕಿನಲ್ಲಿ ಅತ್ತಿಹಣ್ಣು ಇತ್ತು. ಸಂಜೆ ಎಲ್ಲೋ ಒಂದು ಮರದೊಳಗಿಂದ ಕೂಗು ಕೇಳುತ್ತದೆ. ಗೇಮ್ ಮಾಸ್ಟರ್ ಇನ್ನೇನೂ ಮಾಡಬೇಕಿಲ್ಲ.

ಅಂಕಿಗಳನ್ನು ಹೇಗೆ ಕೊಡಲಿ? ನನಗೆ ಗಣಿತ ಬರುವುದಿಲ್ಲ.

ಗುಣಿಸಲು ಬಂದರೆ ಸಾಕು. ಪ್ರಾಣಿಗೆ ದಾಳಿಯಲ್ಲಿ +5 ಇದೆ, ಆಟಗಾರನ ಆರ್ಮರ್ ಕ್ಲಾಸ್ 15 ಎಂದುಕೊಳ್ಳಿ. 5 ಕೂಡಿಸಿದಾಗ 15 ಮುಟ್ಟಲು ಇಪ್ಪತ್ತು ಮುಖದ ಡೈಸ್‌ನಲ್ಲಿ 10 ಅಥವಾ ಹೆಚ್ಚು ಬೀಳಬೇಕು, ಅಂದರೆ 20ರಲ್ಲಿ 11, ಶೇಕಡಾ 55. ತಾಗಿದರೆ ಎರಡು ಆರುಮುಖದ ಡೈಸ್ ಜೊತೆಗೆ 3, ಸರಾಸರಿ 10. ಹಾಗಾಗಿ ಸುತ್ತಿಗೆ 5.5 ಡ್ಯಾಮೇಜ್. 22 ಹಿಟ್ ಪಾಯಿಂಟ್ ಇರುವ ಪಾತ್ರ ಸುಮಾರು ನಾಲ್ಕು ಸುತ್ತು ನಿಲ್ಲುತ್ತದೆ.

ಈಗ ಇನ್ನೊಂದು ಕಡೆಯಿಂದ ನೋಡಿ. ನಾಲ್ವರು ಆಟಗಾರರು, ತಲಾ ಶೇಕಡಾ 60 ತಾಗುವ ಸಾಧ್ಯತೆ, ತಾಗಿದರೆ 8. ಸುತ್ತಿಗೆ 19ಕ್ಕೂ ಹೆಚ್ಚು. ನಿಮ್ಮ 60 ಹಿಟ್ ಪಾಯಿಂಟಿನ ಮಹಾಮೃಗ ನಾಲ್ಕನೇ ಸುತ್ತಿಗೆ ಸತ್ತಿರುತ್ತದೆ, ಅಷ್ಟರಲ್ಲಿ ಒಬ್ಬರನ್ನು ಕೆಡವಿದರೆ ಅದರ ಪುಣ್ಯ. ಒಂಟಿ ಪ್ರಾಣಿ ಸೋಲುವುದು ಬಲ ಸಾಲದೆ ಅಲ್ಲ, ಸರದಿ ಸಾಲದೆ: ಅವರು ನಾಲ್ಕು ಸಲ ಆಡುವಾಗ ಅದು ಒಂದು ಸಲ ಆಡುತ್ತದೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2014ರ ಐದನೇ ಆವೃತ್ತಿ ದೊಡ್ಡ ಪ್ರಾಣಿಗಳಿಗೆ ಲೆಜೆಂಡರಿ ಆಕ್ಷನ್ ಕೊಟ್ಟು, ಬೇರೆಯವರ ಸರದಿಯ ಕೊನೆಯಲ್ಲೂ ಅವು ಆಡುವಂತೆ ಮಾಡಿದ್ದು ಇದಕ್ಕೇ. ನಾನಾದರೆ ಹಿಟ್ ಪಾಯಿಂಟ್ ಏರಿಸುವ ಬದಲು ಪ್ರಾಣಿಗೆ ಬುದ್ಧಿ ಕೊಡುತ್ತೇನೆ. ಕೆನ್ನಾಯಿಗಳು ಗುಂಪಾಗಿ ಬಂದು, ಸಿಳ್ಳೆಯಲ್ಲಿ ಒಂದನ್ನೊಂದು ಕರೆದುಕೊಂಡು, ಬಲಿಯನ್ನು ಓಡಿಸಿ ಓಡಿಸಿ ದಣಿಸುತ್ತವೆ. ಹಾಗೆ ಬರುವ ಹತ್ತು ಸಣ್ಣ ಪ್ರಾಣಿಗಳ ಮುಂದೆ ಒಂದು ದೈತ್ಯ ಏನೂ ಅಲ್ಲ. ಇನ್ನೊಂದು, ಯಾವಾಗ ಓಡಿಹೋಗುತ್ತದೆ ಎಂದು ಕಡ್ಡಾಯವಾಗಿ ಬರೆಯಿರಿ. ಕೊನೆಯ ಉಸಿರಿನವರೆಗೆ ಹೊಡೆದಾಡುವ ಪ್ರಾಣಿ ಕಾಡಿನಲ್ಲಿ ಅಪರೂಪ.

ಹೆಸರು ಹೇಗಿರಲಿ?

ಅದರ ಪಕ್ಕ ಬದುಕುವವರು ಕೂಗಲು ಆಗುವಂತಿರಲಿ. ಚಿಪ್ಪುಹಂದಿ, ಕಾಡುಪಾಪ, ನೀರುನಾಯಿ, ಹಾರುಬೆಕ್ಕು: ನಿಜ ಪ್ರಾಣಿಗಳೇ ಇಷ್ಟು ಚೆನ್ನಾಗಿ ಹೆಸರು ಇಟ್ಟುಕೊಂಡಿರುವಾಗ "ಝ್ರಾಕ್ಸೋರ್" ಯಾಕೆ? ಹೆದರಿಕೆಯ ಪ್ರಾಣಿಯಾದರೆ ಇನ್ನೊಂದು ಮರೆಮಾತಿನ ಹೆಸರೂ ಇರಲಿ. ರಾತ್ರಿ ಹೊತ್ತು ಹಾವು ಎನ್ನದೆ ಹುಳ ಎನ್ನುವ ಅಜ್ಜಿಯರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ.

ಪುರಾಣದ, ದೈವದ ಪ್ರಾಣಿಗಳನ್ನು ಬಳಸಬಹುದೇ?

ಮಕರ, ಶರಭ, ವ್ಯಾಳಗಳನ್ನು ನಾನು ಧೈರ್ಯವಾಗಿ ಬಳಸುತ್ತೇನೆ. ತುಳುನಾಡಿನ ಪಂಜುರ್ಲಿ, ಪಿಲಿಚಾಮುಂಡಿಯನ್ನು ಮುಟ್ಟುವುದಿಲ್ಲ. ಹಂದಿರೂಪ, ಹುಲಿರೂಪ ಎಂದು ಅವನ್ನು ಪ್ರಾಣಿಪುಟಕ್ಕೆ ಹಾಕಿ ಹಿಟ್ ಪಾಯಿಂಟ್ ಬರೆಯುವುದೆಂದರೆ, ಈ ವರ್ಷವೂ ಕೋಲ ಕಟ್ಟಿಸಿ ಅಭಯ ಕೇಳಿದ ಮನೆಯವರ ಎದುರು ಅವರ ದೈವಕ್ಕೆ ಬೆಲೆಚೀಟಿ ಅಂಟಿಸಿದಂತೆ. ಜನ ಇಂದಿಗೂ ಕೈಮುಗಿಯುವುದನ್ನು ಕತ್ತಿಯಿಂದ ಕಡಿಯಬಹುದಾದ ವಸ್ತು ಮಾಡಬೇಡಿ. ಅಮೆರಿಕದ ಆಟಗಳು ನಮ್ಮ ರಾಕ್ಷಸನಿಗೆ ಹುಲಿಯ ತಲೆ, ಹಿಂದುಮುಂದಾದ ಅಂಗೈ ಅಂಟಿಸಿದ್ದನ್ನು ನೋಡಿ ನಾವು ನಗುತ್ತೇವೆ. ಬೇರೆಯವರ ದೇವರುಗಳ ವಿಷಯದಲ್ಲಿ ನಮ್ಮನ್ನು ನೋಡಿ ಅವರೂ ನಗಬಹುದು, ನಗದೆಯೂ ಇರಬಹುದು.

ಬೇರೆ ಆಟದ ಪ್ರಾಣಿಯನ್ನು ತರಬಹುದೇ?

ನೋಡಿಕೊಂಡು. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಎಸ್‌ಆರ್‌ಡಿ 5.1 ಎಂಬ ನಿಯಮಕಟ್ಟು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿದೆ. ಮೂಲ ಹೇಳಿದರೆ ಯಾರು ಬೇಕಾದರೂ ಬಳಸಬಹುದು. ಔಲ್‌ಬೇರ್, ರಸ್ಟ್ ಮಾನ್‌ಸ್ಟರ್ ಅದರಲ್ಲಿವೆ. ಬಿಹೋಲ್ಡರ್, ಮೈಂಡ್ ಫ್ಲೇಯರ್‌ಗಳನ್ನು ಕಂಪನಿ ತನ್ನ ಸ್ವತ್ತೆಂದು ಮೊದಲಿನಿಂದಲೂ ಬಿಗಿಹಿಡಿದಿದೆ. ಅವರಿಗೂ ಈ ಬಿಸಿ ತಟ್ಟಿದ್ದುಂಟು: ಆಟದ ಮೊದಲ ಪುಸ್ತಕಗಳಲ್ಲಿ ಇದ್ದ ಹಾಬಿಟ್ ಎಂಬ ಕುಳ್ಳ ಜನಾಂಗ, ಅದರ ಮೂಲವಾದ ಟೋಲ್ಕಿನ್ ಕಾದಂಬರಿಯ ಹಕ್ಕುದಾರರ ಆಕ್ಷೇಪ ಬಂದ ಮೇಲೆ ಹಾಫ್‌ಲಿಂಗ್ ಆಯಿತು.

ನನ್ನ ಪ್ರಾಣಿಯನ್ನು ಬೇರೊಬ್ಬರು ಬದಲಿಸಿಬಿಟ್ಟರು. ಏನು ಮಾಡಲಿ?

ಜಗಳಗಳಲ್ಲಿ ಹೆಚ್ಚಿನವು ಇಲ್ಲಿಯವೇ. ನಮ್ಮ ಗುಂಪಿನ ನಿಯಮ ಒಂದೇ: ಮೇಜಿನ ಮೇಲೆ ಆಡಿದ್ದು ನಿಂತಿತು, ಪುಟದಲ್ಲಿ ಬರೆದದ್ದು ಬದಲಾಗಬಹುದು. ಆಟಗಾರರು ಕಣ್ಣಾರೆ ಕಂಡದ್ದನ್ನು ಆಮೇಲೆ ಇಲ್ಲ ಎನ್ನುವಂತಿಲ್ಲ. ಯಾರೂ ಇನ್ನೂ ಕಾಣದ್ದು ಯಾರ ಆಸ್ತಿಯೂ ಅಲ್ಲ.

ಉಪ್ಪುನೆಕ್ಕಕ್ಕೇ ಇದು ಆಯಿತು. ಒಬ್ಬ ಗೆಳತಿ ತನ್ನ ಕಡಲೂರಿನ ಆಟದಲ್ಲಿ ಅದನ್ನು ತಂದುಬಿಟ್ಟಳು. ಉಪ್ಪಿನ ಬರ ಇರುವ ಬೆಟ್ಟದ ಪ್ರಾಣಿಗೆ ಕಡಲದಂಡೆಯಲ್ಲಿ ಏನು ಕೆಲಸ? ಅಳಿಸಿ ಎಂದರು ಕೆಲವರು. ಆದರೆ ಆಟ ಆಗಿಹೋಗಿತ್ತು. ಕೊನೆಗೆ ಅವಳೇ ದಾರಿ ಕಂಡಳು: ವ್ಯಾಪಾರಿಯೊಬ್ಬ ಮರಿಗಳನ್ನು ಹಿಡಿದು ಉಪ್ಪಿನ ಆಗರಕ್ಕೆ ತಂದ. ಬೇಕಾದಷ್ಟು ಉಪ್ಪು ಸಿಕ್ಕ ಅವು ಮೈತುಂಬಿಕೊಂಡು, ಹಗಲಲ್ಲೇ ತಿರುಗುತ್ತಾ, ಮನುಷ್ಯರ ಹೆದರಿಕೆ ಕಳೆದುಕೊಂಡವು. ಈಗ ಆಗರದವರಿಗೆ ಅವು ಬೀಡಾಡಿ ದನಗಳ ಹಾಗೆ, ಹೊಡೆದರೂ ಕದಲುವುದಿಲ್ಲ. ಬೆಟ್ಟದಿಂದ ಇಳಿದುಬಂದ ಪಾತ್ರಗಳು ಅವನ್ನು ಕಂಡು ನಂಬಲೇ ಇಲ್ಲ.

ಮೂಲ ಬರೆದವರನ್ನು ಕೇಳಿ ಬದಲಿಸುವುದು ಒಳ್ಳೆಯ ನಡತೆ. ಕೇಳಿದಾಗ ಬೇಡ ಎನ್ನದಿರುವುದು ಇನ್ನೂ ಒಳ್ಳೆಯದು.

ಮಾತಾಡುವ ಪ್ರಾಣಿ?

ಮಾತಾಡಿದರೆ ಅದು ಒಂದು ಜನಾಂಗ, ಪ್ರಾಣಿಪುಟಕ್ಕೆ ಬರುವುದಿಲ್ಲ. ಕೊಟ್ಟ ಮಾತು ತಪ್ಪದ ಹಸುವಿನ ಹಾಡು ಕೇಳಿ ಬೆಳೆದ ನಾವು, ಮಾತು ಬಲ್ಲದ್ದನ್ನು ಬೇಟೆಯಾಡಿ ಚರ್ಮ ಮಾರುವ ಆಟ ಆಡಬಾರದು.

ಚಿತ್ರ ಬರೆಯಲು ಬರುವುದಿಲ್ಲ.

ಬೇಡ. ಹೆಜ್ಜೆಗುರುತು ಹೇಗಿರುತ್ತದೆ, ಲದ್ದಿ ಹೇಗಿರುತ್ತದೆ, ಎಷ್ಟು ದೂರದಿಂದ ವಾಸನೆ ಬರುತ್ತದೆ ಎಂದು ಬರೆಯಿರಿ. ಆಟಗಾರರು ಪ್ರಾಣಿಯನ್ನು ನೋಡುವ ಮುಂಚೆ ಎದುರಾಗುವುದು ಇವೇ. ಕಾಡು ತಿರುಗುವ ಯಾರನ್ನೇ ಕೇಳಿ, ಹುಲಿ ಕಂಡದ್ದಕ್ಕಿಂತ ಹುಲಿಯ ಗುರುತು ಕಂಡದ್ದೇ ಹೆಚ್ಚು.

ಪುಟ ಎಷ್ಟು ಉದ್ದ ಇರಬೇಕು?

ಮೊಬೈಲಿನ ಒಂದು ಪರದೆಗೆ ಹಿಡಿಸುವಷ್ಟು. ಮೇಲಿನ ಎರಡು ಸಾಲಿನಲ್ಲಿ ಆಟಗಾರರು ಮೊದಲು ಏನನ್ನು ಕಾಣುತ್ತಾರೆ, ಕೇಳುತ್ತಾರೆ ಎಂಬುದು ಬರಲಿ, ಅಂಕಿಗಳು ಕೊನೆಗಿರಲಿ. ಪ್ರಾಣಿಯ ದೇವತಾಮೂಲ, ಸೃಷ್ಟಿಯ ಯುಗ, ಅದನ್ನು ಕುರಿತ ಎಂಟು ಸಾಲಿನ ಪದ್ಯ ಇದ್ದರೆ ಬೇರೆ ಕಡತದಲ್ಲಿಡಿ. ಪದ್ಯವನ್ನು ನಾನಂತೂ ಓದುತ್ತೇನೆ, ಆದರೆ ಆಟ ಮುಗಿದ ಮೇಲೆ.